ನಾಲ್ಕು ಪಾಯಿಂಟ್ ಎರಡು

ಹುಡುಕಿದ್ದು ಕಲ್ಲನ್ನು.
ಮೂಲ್ಕಿಯ ಹಂಪು ಹಾರಿದಾಗ ಸೊಂಟ ಹಿಡಿದು ಕೂತವನನ್ನು
ಮೊಯ್ದಿನಾಕ ಸ್ಟಿಯರಿಂಗ್ ಬಿಡದೆ ಕನ್ನಡಿಯಲ್ಲಿ ನೋಡಿ
'ಕಿಡ್ನಿ ಸ್ಟೋನು ಮಾರಾಯ, ಬಾರ್ಲಿ ಕುಡಿ' ಅಂದಿದ್ದರು.
ಕಂಕನಾಡಿಯ ಸ್ಕ್ಯಾನಿಂಗ್ ಕೋಣೆಯಲ್ಲಿ
ತಣ್ಣನೆ ಜೆಲ್ ಬಳಿದ ಹುಡುಗಿ
ಕಲ್ಲು ದಾಟಿ, ಮೂತ್ರಪಿಂಡ ದಾಟಿ,
ಅದರ ನೆತ್ತಿಯ ಮೇಲೆ ಕೈ ನಿಲ್ಲಿಸಿದಳು.
ಉಸಿರು ಹಿಡಿಯಿರಿ. ಬಿಡಿ. ಮತ್ತೆ ಹಿಡಿಯಿರಿ.
'ಎಂತ?' ಅಂದೆ.
'ಡಾಕ್ಟರು ಹೇಳ್ತಾರೆ.'

ಡಾಕ್ಟರು ಐರಿನ್ ಲೋಬೊ
ಚೀಟಿಯ ಹಿಂದೆ ಗೇರುಬೀಜದಂಥ ಕಿಡ್ನಿ ಬರೆದರು,
ಅದರ ತಲೆಗೊಂದು ಮುಟ್ಟಾಳೆ.
'ಇದು ಅಡ್ರಿನಲ್. ಹೆದರಿಕೆಯ ಗ್ರಂಥಿ.
ನಾಯಿ ಅಟ್ಟಿಸಿಕೊಂಡು ಬಂದರೆ ನಿಮ್ಮನ್ನು ಓಡಿಸುವುದು ಇದೇ.
ಇದರೊಳಗೆ ಒಂದು ನೀರುಗುಳ್ಳೆ ಉಂಟು.
ಅಪರೂಪ. ಹೆಚ್ಚಿನವು ಪಾಪದವು.
ನಿಮ್ಮದೂ ಪಾಪದ್ದಾ, ನೋಡುವ.'

ಮೂವತ್ತೊಂದು ವರ್ಷ ಬಾಗಿಲಲ್ಲಿ ನೇತು
ಸ್ಟೇಟ್‌ಬ್ಯಾಂಕ್, ಉಡುಪಿ, ಸ್ಟೇಟ್‌ಬ್ಯಾಂಕ್.
ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವ
ಪಡುಬಿದ್ರೆಯಲ್ಲಿ ಅಡ್ಡ ಹಾಕಿ ಬೈಯುವ ಕೆಲಸ.
ಹೆದರಿಕೆಗೇ ಒಂದು ಗ್ರಂಥಿ ಇದ್ದರೆ
ನನ್ನದು ಸವೆದಿರಬೇಕಿತ್ತು.
ಉಬ್ಬಿದೆಯಂತೆ.

ಚುಚ್ಚಿ ನೀರು ತೆಗೆದುಬಿಡಿ, ಅಂದೆ.
ಅವರು ಪೆನ್ನಿಗೆ ಮುಚ್ಚಳ ಹಾಕಿದರು.
'ಒಳಗೆ ಎಂಥದ್ದೆಂದು ತಿಳಿಯದೆ ಸೂಜಿ ಹಾಕಬಾರದು.
ಗಡ್ಡೆಯೊಂದು ನೀರಿನ ವೇಷ ಕಟ್ಟಿ ಕೂತಿದ್ದರೆ
ಮುಟ್ಟಿದ ಕೂಡಲೇ ಬಿಪಿ ಅಟ್ಟ ಹತ್ತುತ್ತದೆ.
ಹುಳದ ಗೂಡಾಗಿದ್ದು ಒಡೆದರೆ ಹೊಟ್ಟೆಯೆಲ್ಲ ಬಿತ್ತನೆ.
ನಾಯಿ ಸಾಕಿದ್ದೀರಾ?'
ಬಸ್‌ಸ್ಟ್ಯಾಂಡಿನದೊಂದು ಉಂಟು,
ನನ್ನ ಕೈಯಿಂದಲೇ ಬನ್ಸ್ ತಿನ್ನುವುದು.
ಅದನ್ನೂ ಬರೆದುಕೊಂಡರು.

ಹಾಗೆ, ಇಪ್ಪತ್ತನಾಲ್ಕು ಗಂಟೆ
ಇಳಿದ ಹನಿ ಹನಿಯೂ ಐದು ಲೀಟರಿನ ಕ್ಯಾನಿಗೆ.
ಅಡಿಯಲ್ಲಿ ಆಸಿಡ್ಡು, ಜಾಗ್ರತೆ.
ಚಾ ಇಲ್ಲ, ಕಾಫಿ ಇಲ್ಲ, ಬಾಳೆಹಣ್ಣಿಲ್ಲ.
ವಾರಿಜ ಅದಕ್ಕೆ ಹಳೆ ಲುಂಗಿ ಸುತ್ತಿ
ಫ್ರಿಜ್ಜಿನಲ್ಲಿ ಮೀನಿನಿಂದ ದೂರ ಇಟ್ಟಳು.
ರಜೆ ಹಾಕಿದ ಬೆಳಿಗ್ಗೆ ಉಚ್ಚಿಲದಲ್ಲಿ ನನ್ನದೇ ಬಸ್ಸು ಹತ್ತಿ
ಟಿಕೆಟು ತೆಗೆದು, ಕಾಲಿನ ನಡುವೆ ಇಟ್ಟುಕೊಂಡು ಕೂತೆ.
ಸುರತ್ಕಲ್ಲಿನಲ್ಲಿ ಹತ್ತಿದ ಅಜ್ಜಿ ಕ್ಯಾನು ನೋಡಿ
'ತಾಜಾ ಕಳ್ಳಾ ಮಗಾ?' ಅಂದರು.
ಹೌದು, ನಮ್ಮ ಮನೆಯದ್ದೇ, ಅಂದೆ.

ಇನ್ನೊಂದು ರಾತ್ರಿ ಹನ್ನೊಂದಕ್ಕೆ ಚಿಕ್ಕ ಮಾತ್ರೆ,
ಬೆಳಿಗ್ಗೆ ಎಂಟಕ್ಕೆ ರಕ್ತ.
ಸುಮ್ಮನಿರು ಅಂದರೆ ಆ ಮುಟ್ಟಾಳೆ
ಸುಮ್ಮನಿರುತ್ತದೋ ನೋಡಲಿಕ್ಕೆ.
ಸುಮ್ಮನಿತ್ತು.
ಆಮೇಲೆ ಸಿಟಿ. ನರದಲ್ಲಿ ಬಿಸಿ ಹರಿಯಿತು,
ಯಕೃತ್ತು ಬೆಳಗಿತು, ಕಿಡ್ನಿ ಬೆಳಗಿತು,
ಅದೊಂದು ಬೆಳಗಲಿಲ್ಲ.
ಬೆಳಗದಿರುವುದೇ ಒಳ್ಳೆಯದಂತೆ.
ತೆಳು ಗೋಡೆ, ತಿಳಿ ನೀರು, ಅಂಚಿಗೆ ಸುಣ್ಣದ ಒಂದು ಗೆರೆ,
ನಾಲ್ಕು ಪಾಯಿಂಟ್ ಎರಡು ಸೆಂಟಿಮೀಟರ್.

'ಪಾಪದ್ದು' ಅಂದರು ಲೋಬೊ.
ಹಾಗಾದರೆ ಆಪರೇಷನ್ನು?
'ಬೇಡ.'
ಮದ್ದು?
'ಇಲ್ಲ. ಬೆಳೆದರೆ, ನೋವು ಕೊಟ್ಟರೆ, ಒಳಗೆ ರಕ್ತ ಒಸರಿದರೆ ತೆಗೆಯುವ.
ಈಗ ಆರು ತಿಂಗಳು ಬಿಟ್ಟು ಬನ್ನಿ.'
ಕಲ್ಲು?
ಅದು ಯಾವಾಗಲೋ ತಾನಾಗಿ ಇಳಿದು ಹೋಗಿತ್ತು,
ಯಾರಿಗೂ ಹೇಳದೆ.

ನಿಮಿಷಕ್ಕೆ ಬೈಸಿಕೊಂಡವನ ಕೈಗೆ ತಿಂಗಳು ಕೊಟ್ಟರು.
'ಉಂಟು ಅಂತಾರೆ, ಏನೂ ಮಾಡುವುದಿಲ್ಲ ಅಂತಾರೆ,
ಎಂಥ ಡಾಕ್ಟರು!' ವಾರಿಜ ಪಾತ್ರೆ ಕುಕ್ಕಿದಳು.
ಕೆಲವು ರಾತ್ರಿ ನಿದ್ದೆಯಲ್ಲೇ ಅವಳ ಅಂಗೈ
ನನ್ನ ಎಡ ಪಕ್ಕೆಗೆ ಬರುತ್ತಿತ್ತು,
ಒಲೆ ಆರಿದೆಯೋ ನೋಡುವ ಹಾಗೆ.

ಮೊನ್ನೆ ಹೋಗಿ ಬಂದೆ. ಅಷ್ಟೇ ಉಂಟು,
ಒಂದು ಕೂದಲೂ ಹೆಚ್ಚಿಲ್ಲ.
ಇನ್ನು ಮುಂದಿನ ವರ್ಷ.
ಮಧ್ಯಾಹ್ನದ ಟ್ರಿಪ್ಪು. ಹೆಜಮಾಡಿಯ ಟೋಲಿನ ಬ್ರೇಕಿಗೆ
ಮೇಲಿಟ್ಟ ಲಕೋಟೆ ಜಾರಿ ಬಿತ್ತು.
ಶಾಲೆಯ ಹುಡುಗನೊಬ್ಬ ಫಿಲ್ಮು ಎತ್ತಿ
ಕಿಟಕಿಯ ಬಿಸಿಲಿಗೆ ಹಿಡಿದ:
'ಇದು ಯಾವ ಊರಿನ ಮ್ಯಾಪು ಅಂಕಲ್?'
ಇದು ಬೆನ್ನೆಲುಬು. ಇದು ಕಿಡ್ನಿ. ಇದು ಅದರ ಮುಟ್ಟಾಳೆ.
'ಇದು, ಈ ಕಪ್ಪು?'
ಹಿಂದಿನ ಬಸ್ಸು ಹಾರ್ನ್ ಹೊಡೆಯಿತು.
ಅದು ಪಾಪದ್ದು, ಅಂದೆ,
ಸೀಟಿ ಊದಿದೆ.